ಗೇಟಿನೊಳಗಿನ ಓಟು

ನಮ್ಮ ಹುಡುಗಿಯರ ಹಾಸ್ಟೆಲಿನ ಗೇಟು ಕಾಯುತ್ತಿದ್ದವಳನ್ನು ಎಲ್ಲರೂ ಗೇಟಕ್ಕ ಎನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆ ಹೆಸರಿನಿಂದ ಕರೆದರೆ ಆಕೆಯೇ ತಿರುಗಿ ನೋಡುತ್ತಿರಲಿಲ್ಲ.

ನಾನು ಅದೇ ಹಾಸ್ಟೆಲಿನ ಆಫೀಸಿನ ಗುಮಾಸ್ತ. ನನ್ನ ಮೇಜಿನ ಪಕ್ಕದ ಕಿಟಕಿ ಆಕೆಯ ತಗಡಿನ ಶೆಡ್ಡಿನ ಕಡೆಗೆ ತೆರೆದುಕೊಳ್ಳುತ್ತಿತ್ತು. ಹೀಗಾಗಿ ಹತ್ತೊಂಬತ್ತು ವರ್ಷ ಆಕೆ ಆಡಿದ ಮಾತೆಲ್ಲ ನನ್ನ ಕಿವಿಗೆ ಬಿದ್ದಿದೆ, ಬೇಡವಾದದ್ದೂ ಬಿದ್ದಿದೆ. ಕೇಳಿಸಿಕೊಳ್ಳುವುದಕ್ಕೆ ನನಗೇನೂ ಬೇಸರವಿಲ್ಲ, ಮೂಗು ತೂರಿಸುವುದು ಮಾತ್ರ ನನ್ನಿಂದಾಗದು. ಊರ ಉಸಾಬರಿ ನಮಗೇಕೆ ಎನ್ನುವ ಪೈಕಿ ನಾನು. ಆಕೆ ಹಾಗಲ್ಲ.

ಹಾಸ್ಟೆಲು ಮೂರು ಮಹಡಿ, ತೊಂಬತ್ತಾರು ರೂಮು. ಮುಂದೆ ಹಸಿರು ಬಣ್ಣದ ಕಬ್ಬಿಣದ ಗೇಟು, ಅದರಲ್ಲೊಂದು ತಲೆ ತಗ್ಗಿಸಿ ದಾಟಬೇಕಾದ ಚಿಕ್ಕ ಬಾಗಿಲು. ಶೆಡ್ಡಿನಲ್ಲಿ ಒಂದು ಮೇಜು, ಒಂದು ಕುರ್ಚಿ, ಹೊರಗೆ ಒಂದು ಬೆಂಚು. ಮೇಜಿನ ಮೇಲೆ ಹೋಗಿಬರುವವರ ರಿಜಿಸ್ಟರು, ಯಾರೂ ಎತ್ತಿಕೊಂಡು ಹೋಗದ ಹಾಗೆ ದಾರ ಕಟ್ಟಿದ ಪೆನ್ನು. ಗಂಡಸರು ಆ ಚಿಕ್ಕ ಬಾಗಿಲು ದಾಟುವಂತಿಲ್ಲ. ಅಪ್ಪನಾಗಲಿ, ಅಣ್ಣನಾಗಲಿ, ಬೆಂಚಿನ ಮೇಲೆ ಕೂತು ಮಾತಾಡಿಸಿ ಹೋಗಬೇಕು. ನಲ್ಲಿ ರಿಪೇರಿಯವನು ಬಂದರೆ ಆಕೆ ಮುಂದೆ ಗಂಟೆ ಬಾರಿಸುತ್ತಾ ನಡೆಯುತ್ತಿದ್ದಳು, ಅವನು ನೆಲ ನೋಡುತ್ತಾ ಹಿಂದೆ ಬರುತ್ತಿದ್ದ. ಹಾಸ್ಟೆಲಿನ ಗುಮಾಸ್ತನಾದ ನಾನೇ ಇಷ್ಟು ವರ್ಷದಲ್ಲಿ ಒಳಗಿನ ಮೆಟ್ಟಿಲು ಹತ್ತಿದ್ದು ಎರಡು ಸಲ.

ಆಕೆ ಏಳನೇ ತರಗತಿಯವರೆಗೆ ಓದಿದ್ದಳು. ಗಂಡ ತೀರಿಕೊಂಡ ಮೇಲೆ ಮೂರು ವರ್ಷ ಅಣ್ಣನ ಮನೆಯಲ್ಲಿದ್ದಳು. ಆಮೇಲೆ ಅಣ್ಣನೇ ಯಾರದೋ ಕೈಕಾಲು ಹಿಡಿದು ಈ ಕೆಲಸ ಕೊಡಿಸಿದ. ಶೆಡ್ಡಿನ ಹಿಂದೆಯೇ ಒಂದು ರೂಮು, ಒಂದು ಅಡುಗೆಮನೆಯ ಕ್ವಾರ್ಟರ್ಸು ಸಿಕ್ಕಿತು. ಬಂದ ಮೊದಲ ದಿನವೇ ಗೇಟಿನ ತಿರುಗಣಿಗೆ ಎಣ್ಣೆ ಬಿಟ್ಟಳು. ಅಲ್ಲಿಯವರೆಗೆ ಆ ಗೇಟು ಯಾರಾದರೂ ಬಂದರೆ ಇಡೀ ಬೀದಿಗೆ ಸುದ್ದಿ ಹೇಳುತ್ತಿತ್ತು.

ಓಟಿನ ವಿಚಾರಕ್ಕೆ ಆಕೆ ಇಳಿದದ್ದು ಹತ್ತು ವರ್ಷದ ಕೆಳಗೆ. ಪ್ರಜಾಪ್ರಭುತ್ವದ ಮೇಲಿನ ಪ್ರೀತಿಯಿಂದ ಇಳಿದಳು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜವಾದ ಕಾರಣ ಸಿಟ್ಟು.

ಆ ವರ್ಷ ರಾಜ್ಯದ ಚುನಾವಣೆಯಿತ್ತು. ಕಾಲೇಜಿನಲ್ಲಿ ಯಾರೋ ಭಾಷಣ ಮಾಡಿ, ಹಾಸ್ಟೆಲಿನ ಅರವತ್ತಮೂರು ಹುಡುಗಿಯರು ಇಲ್ಲಿನ ವಿಳಾಸದಲ್ಲೇ ಮತದಾರರ ಪಟ್ಟಿಗೆ ಅರ್ಜಿ ಹಾಕಿದ್ದರು. ಅರ್ಜಿ ಹಾಕಿದವರು ಆ ವಿಳಾಸದಲ್ಲಿ ನಿಜವಾಗಿ ಇದ್ದಾರೋ ಇಲ್ಲವೋ ಎಂದು ನೋಡಲು ಒಬ್ಬ ಶಾಲಾ ಮೇಷ್ಟ್ರನ್ನು ಕಳಿಸುತ್ತಾರೆ. ಪಾಠದ ಜೊತೆಗೆ ಹೊರಿಸಿದ ಕೆಲಸ. ಲಿಸ್ಟ್ ಮೇಷ್ಟ್ರು ಎನ್ನುತ್ತಿದ್ದೆವು. ಅವರು ಬಂದದ್ದು ಹನ್ನೊಂದು ಗಂಟೆಗೆ. ಆ ಹೊತ್ತಿನಲ್ಲಿ ಹುಡುಗಿಯರೆಲ್ಲ ಕ್ಲಾಸಿನಲ್ಲಿ. ಮೇಷ್ಟ್ರು ಗಂಡಸಾದ್ದರಿಂದ ಒಳಗೆ ಬಿಡುವಂತಿಲ್ಲ. ಗೇಟಿನ ಹೊರಗೇ ನಿಂತು ಕಟ್ಟಡದ ಕಡೆ ಮುಖ ಮಾಡಿ ಹತ್ತು ಹನ್ನೆರಡು ಹೆಸರು ಕೂಗಿದರು. ಒಣಗಲು ಹಾಕಿದ ಬಟ್ಟೆಗಳು ಏನು ಉತ್ತರ ಕೊಟ್ಟಾವು? ಬಿಸಿಲು ಜೋರಿತ್ತು. ಮೇಷ್ಟ್ರು ನೀರು ಕೇಳಿದರು, ಕುಡಿದರು, ಆಕೆಯ ಕುರ್ಚಿಯಲ್ಲಿ ಕೂತರು, ದಾರ ಕಟ್ಟಿದ ಪೆನ್ನು ಎಳೆದುಕೊಂಡು ಒಂದೊಂದೇ ಅರ್ಜಿಯ ಮೇಲೆ ಬರೆಯತೊಡಗಿದರು.

ಗೇಟಕ್ಕ ಹಿಂದೆ ನಿಂತು ಅಕ್ಷರ ಕೂಡಿಸಿಕೊಂಡು ಓದಿದಳು. ಆಕೆ ಒಂದು ಓದಿ ಮುಗಿಸುವಷ್ಟರಲ್ಲಿ ಅವರು ಹತ್ತು ಬರೆದಿದ್ದರು.

"ಇದೇನ್ ಸಾರ್ ಬರೀತಿದ್ದೀರಾ?"

"ವಿಳಾಸದಲ್ಲಿ ಇಲ್ಲ ಅಂತ."

"ಇಲ್ವಾ? ಹಾಗಾದ್ರೆ ನಾನು ಇಲ್ಲಿ ಯಾರನ್ನ ಕಾಯ್ತಾ ಇದ್ದೀನಿ, ಗೋಡೇನಾ?"

"ಅದು ನಿಮ್ಮ ವಿಚಾರಮ್ಮ. ನಾನು ಕರೆದೆ, ಯಾರೂ ಬರ್ಲಿಲ್ಲ," ಎಂದು ಮೇಷ್ಟ್ರು ಅರವತ್ತಮೂರನ್ನೂ ಮುಗಿಸಿ, ಉಳಿದ ನೀರು ಕುಡಿದು ಹೋದರು. ಆ ಸಲ ಒಬ್ಬ ಹುಡುಗಿಯೂ ಓಟು ಹಾಕಲಿಲ್ಲ. ಹುಡುಗಿಯರು ಎರಡು ದಿನ ಗೊಣಗಿ ಮರೆತರು. ಆಕೆ ಮರೆಯಲಿಲ್ಲ. "ನನ್ನ ಮೇಜು, ನನ್ನ ಕುರ್ಚಿ, ನನ್ನ ಪೆನ್ನು! ನನ್ನ ಗೇಟಿನ ಒಳಗೆ ಇರೋರನ್ನ ಇಲ್ಲ ಅಂತ ಬರೆದು ಹೋದ್ನಲ್ಲ ಗುಮಾಸ್ತರೇ!" ಎಂದು ವರ್ಷಪೂರ್ತಿ ನನ್ನ ಕಿಟಕಿಯ ಮುಂದೆ ಹೇಳಿದಳು. ಹತ್ತೊಂಬತ್ತು ವರ್ಷದಲ್ಲಿ ಆಕೆಯ ಗೇಟಿನಿಂದ ಒಂದು ಬಕೆಟ್ಟು ಕೂಡ ಕಳುವಾಗಿಲ್ಲ. ಅಂಥವಳ ಕಣ್ಣೆದುರಿಗೇ ಅರವತ್ತಮೂರು ಹುಡುಗಿಯರು ಕಾಣೆಯಾಗಿದ್ದರು.

ಮುಂದಿನ ವರ್ಷ ಪಟ್ಟಿಗೆ ಹೊಸ ಹೆಸರು ಸೇರಿಸುವ ಕಾಲ ಬಂದಾಗ ಆಕೆ ತಾನೇ ತಾಲೂಕು ಕಚೇರಿಗೆ ಹೋಗಿ ಫಾರಂಗಳ ಕಟ್ಟು ಹೊತ್ತು ತಂದಳು. ಯಾವ ಕಾಲಮಿಗೆ ಏನು ಎಂದು ನನ್ನ ಹತ್ತಿರ ಕೇಳಿ ಕಲಿತಳು. ನಾನು ಹೇಳಿಕೊಟ್ಟದ್ದು ಆಕೆ ಬೇಗ ಕಿಟಕಿ ಬಿಟ್ಟು ಹೋಗಲಿ ಎಂದು. ಭಾನುವಾರ ಹುಡುಗಿಯರು ತಾರಸಿಯಲ್ಲಿ ತಲೆ ಒಣಗಿಸಿಕೊಳ್ಳುತ್ತಿದ್ದಾಗ ಕಂಕುಳಲ್ಲಿ ಫಾರಂ ಇಟ್ಟುಕೊಂಡು ಹತ್ತುತ್ತಿದ್ದಳು. ಒದ್ದೆ ತಲೆ ಬಿಟ್ಟು ಓಡಿಹೋಗುವ ಹಾಗಿಲ್ಲ, ಸಿಕ್ಕಿಬೀಳುತ್ತಿದ್ದರು. ಫೋಟೋ ಕೇಳಿದರೆ ತಂಪು ಕನ್ನಡಕದ ಫೋಟೋ ಕೊಡುವವರು, ಗೆಳತಿಯರ ಜೊತೆ ತೆಗೆಸಿದ್ದನ್ನು ಕತ್ತರಿಸಿ ಕೊಡುವವರು. ಒಬ್ಬಳ ಫೋಟೋದಲ್ಲಿ ಇನ್ನೊಬ್ಬಳ ಕಿವಿ ಉಳಿದುಕೊಂಡು ವಾಪಸು ಬಂದಿತ್ತು.

ಕೆಲವರು ಊರಲ್ಲೂ ಹೆಸರಿರಲಿ, ಇಲ್ಲೂ ಇರಲಿ ಎನ್ನುತ್ತಿದ್ದರು. "ಎಲ್ಲಾದ್ರೂ ಒಂದೇ ಕಡೆ. ಎರಡು ಬಾಗಿಲಲ್ಲೂ ಒಂದೊಂದು ಜೊತೆ ಬಿಟ್ಟಿರೋಕೆ ಓಟೇನು ಚಪ್ಪಲೀನಾ?" ಎಂದು ಗದರುತ್ತಿದ್ದಳು. ಯಾವ ಪಕ್ಷದವರು ಒಳ್ಳೆಯವರು ಎಂದು ಯಾರಾದರೂ ಬಾಯಿ ತೆಗೆದರೆ ಸೊಂಟದ ಬೀಗದಕೈ ಗೊಂಚಲು ಜೋರಾಗಿ ಅಲ್ಲಾಡಿಸುತ್ತಿದ್ದಳು. ಆ ಸದ್ದಿನಲ್ಲಿ ಯಾವ ಪಕ್ಷದ ಹೆಸರೂ ಕೇಳುತ್ತಿರಲಿಲ್ಲ.

ಪರಿಶೀಲನೆಗೂ ಒಂದು ದಾರಿ ಕಂಡುಕೊಂಡಳು. ಲಿಸ್ಟ್ ಮೇಷ್ಟ್ರ ಶಾಲೆಗೇ ಹೋಗಿ, ಹನ್ನೊಂದಕ್ಕೆ ಬಂದರೆ ಗೇಟು ತೆಗೆಯುವುದಿಲ್ಲ, ಹನ್ನೆರಡಕ್ಕೆ ಬಂದರೂ ಇಲ್ಲ, ಒಂದು ಗಂಟೆಗೆ ಬನ್ನಿ ಎಂದು ಹೇಳಿ ಬಂದಳು. ಒಂದಕ್ಕೆ ಹುಡುಗಿಯರು ಊಟಕ್ಕೆ ಬರುತ್ತಾರೆ. ಮೇಷ್ಟ್ರಿಗೆ ಬೆಂಚು, ನೀರಿನ ತಂಬಿಗೆ. ಹುಡುಗಿಯರು ತಟ್ಟೆ ಹಿಡಿದುಕೊಂಡು ಗೇಟಿನ ಒಳಗೆ ಸಾಲು. ಒಬ್ಬೊಬ್ಬಳೂ ಚಿಕ್ಕ ಬಾಗಿಲಲ್ಲಿ ನಿಂತು ಹೆಸರು ಹೇಳಬೇಕು. ಗೇಟಕ್ಕ ರಿಜಿಸ್ಟರಿನಲ್ಲಿ ಅವಳ ಸಹಿಯ ಮೇಲೆ ಬೆರಳಿಡಬೇಕು. ಮೇಷ್ಟ್ರು "ಇದ್ದಾರಾ?" ಎನ್ನಬೇಕು, ಆಕೆ "ಇದ್ದಾಳೆ" ಎನ್ನಬೇಕು. ಅಷ್ಟಾದರೆ ಅರ್ಜಿ ಪಾಸು, ಹುಡುಗಿ ಊಟಕ್ಕೆ. ಈ ಕ್ರಮ ಎಷ್ಟು ಗಟ್ಟಿಯಾಯಿತೆಂದರೆ, ಮೇಷ್ಟ್ರು ಬದಲಾದಾಗ ಹಳೆಯವರು ಹೊಸಬರಿಗೆ "ಆಯಮ್ಮ ಇದ್ದಾಳೆ ಅಂದ್ರೆ ಇದ್ದಾಳೆ, ಸುಮ್ನೆ ಬರ್ಕೊಂಡು ಬಾ" ಎಂದು ಹೇಳಿ ಕಳಿಸುತ್ತಿದ್ದರಂತೆ.

ಎಲ್ಲವನ್ನೂ ಸರಿಯಾಗಿಯೇ ಮಾಡಿದಳು ಎಂದೇನಿಲ್ಲ. ಐದು ವರ್ಷದ ಕೆಳಗಿನ ಚುನಾವಣೆಯ ದಿನ, ಬೆರಳಿನ ಶಾಯಿ ತೋರಿಸಿದವರಿಗೆ ಮಾತ್ರ ಸಂಜೆ ಹೊರಗೆ ಹೋಗಲು ರಿಜಿಸ್ಟರು ಕೊಟ್ಟಳು. ಒಬ್ಬ ಹುಡುಗಿ ನನಗೆ ಯಾರೂ ಸರಿ ಕಾಣಲಿಲ್ಲ, ಹಾಕಲಿಲ್ಲ ಎಂದಳು. ಅವಳನ್ನು ಒಂದು ಗಂಟೆ ಗೇಟಿನಲ್ಲೇ ನಿಲ್ಲಿಸಿದಳು. ವಾರ್ಡನ್ ಕರೆದು, ಹಾಕುವುದು ಅವಳ ಹಕ್ಕು, ಬಿಡುವುದೂ ಅವಳ ಹಕ್ಕು ಎಂದು ಚೆನ್ನಾಗಿ ಉಗಿದರು. ಗೇಟಕ್ಕ ಆ ಹುಡುಗಿಯ ಹತ್ತಿರ ಹೋಗಿ "ತಪ್ಪಾಯ್ತಮ್ಮ" ಎಂದಳು. ಆಮೇಲೆ ಯಾರ ಬೆರಳನ್ನೂ ನೋಡಲಿಲ್ಲ. ನನಗೆ ಆಕೆಯ ಮೇಲೆ ಸ್ವಲ್ಪ ಮರ್ಯಾದೆ ಬಂದದ್ದು ಆ ದಿನ, ಫಾರಂಗಳಿಂದಲ್ಲ.

ಈಗ ನಡೆದ ಚುನಾವಣೆಯ ಹೊತ್ತಿಗೆ ಆಕೆಗೆ ನಿವೃತ್ತಿಗೆ ಮೂರು ತಿಂಗಳಿತ್ತು. ನಿವೃತ್ತಿಯಾದರೆ ಕ್ವಾರ್ಟರ್ಸು ಬಿಡಬೇಕು. ಅದರ ಚಿಂತೆ ಆಕೆಗಿರಲಿಲ್ಲ. ಅಣ್ಣ ತನ್ನ ಮನೆಯ ಮೇಲೆ ಒಂದು ರೂಮು ಕಟ್ಟಿಸಿದ್ದ, ತಂಗಿಗೆಂದೇ. ಬಸ್ಸಿನಲ್ಲಿ ಒಂದು ಗಂಟೆಯ ದೂರದ ಊರು, ಅಣ್ಣನಿಗೆ ಅಲ್ಲಿ ಮೊಳೆ, ಬಣ್ಣ, ಪೈಪು ಮಾರುವ ಅಂಗಡಿ. ಕಿಟಕಿ ಎಲ್ಲಿಡಲಿ ಎಂದು ಕೇಳಿದಾಗ ಆಕೆ ಬೀದಿ ಕಡೆಗೆ ಎಂದಿದ್ದಳು. "ಹೋಗೋರು ಬರೋರನ್ನ ನೋಡ್ತಾ ಕೂರ್ತೀನಿ ಗುಮಾಸ್ತರೇ, ರಿಜಿಸ್ಟರ್ ಒಂದಿರಲ್ಲ ಅಷ್ಟೇ," ಎಂದು ನನಗೆ ಹೇಳಿದ್ದಳು. ಗೋಡೆಗೆ ಯಾವ ಬಣ್ಣ, ಒಲೆ ಯಾವ ಮೂಲೆಗೆ, ಟ್ರಂಕು ಮಂಚದ ಕೆಳಗೆ ಹಿಡಿಯುತ್ತದೋ ಇಲ್ಲವೋ, ಎಲ್ಲ ನನಗೂ ಬಾಯಿಪಾಠವಾಗಿತ್ತು. ಬೇರೆ ಜಾಗ ಆಕೆಗಿರಲಿಲ್ಲ. ಮಕ್ಕಳಿರಲಿಲ್ಲ.

ಅಣ್ಣನ ಮಗಳು ನಮ್ಮ ಹಾಸ್ಟೆಲಿನಲ್ಲೇ ಇದ್ದಳು. ಕೊನೆಯ ವರ್ಷ, ಸಂಖ್ಯಾಶಾಸ್ತ್ರ, ರೂಮ್ ನಂಬರ್ ಮೂವತ್ತನಾಲ್ಕು. ಅತ್ತೆಯ ಗೇಟು ಎಂದು ಮೂರು ವರ್ಷದಲ್ಲಿ ಒಂದು ದಿನವೂ ಐದು ನಿಮಿಷದ ರಿಯಾಯಿತಿ ಸಿಕ್ಕಿರಲಿಲ್ಲ, ಬದಲಿಗೆ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡಿದ್ದಳು. ಆ ವರ್ಷ ತಾರಸಿಗೆ ಫಾರಂ ಬಂದಾಗ ಅವಳೂ ಒಂದು ತೆಗೆದುಕೊಂಡಳು. ಊರಿನಲ್ಲಿರುವ ಹೆಸರನ್ನು ಇಲ್ಲಿಗೆ ಬದಲಾಯಿಸುವ ಫಾರಂ.

"ನಿಮ್ಮ ಊರು ಹತ್ರಾನೇ ಇದ್ಯಲ್ಲೇ, ಹೋಗಿ ಹಾಕಿ ಬರ್ಬಹುದಲ್ಲ," ಎಂದು ಅತ್ತೆ ಕೇಳಿದಳು.

"ಅಲ್ಲಿ ಹಾಕಿದ್ರೆ ಅಪ್ಪ ಬೂತಿನ ತನಕ ಜೊತೆಗೇ ಬರ್ತಾರೆ ಅತ್ತೆ. ಯಾವ ಗುಂಡಿ ಒತ್ಬೇಕು ಅಂತ ದಾರಿಯುದ್ದಕ್ಕೂ ಹೇಳ್ಕೊಂಡು ಬರ್ತಾರೆ. ಆಚೆ ಬಂದ ಮೇಲೆ ಒತ್ತಿದೆಯಾ ಅಂತ ಕೇಳ್ತಾರೆ. ಒಂದ್ಸಲ ಒಬ್ಬಳೇ ಹೋಗ್ಬೇಕು."

ಗೇಟಕ್ಕ ಮುಂದೆ ಏನೂ ಕೇಳದೆ ಫಾರಂ ತುಂಬಿಸಿದಳು. ಯಾವ ಹುಡುಗಿಗೂ ತುಂಬಿಸುವ ಹಾಗೆ. ಇದರಿಂದ ಅಣ್ಣನ ಮನೆಯಲ್ಲಿ ಏನಾಗುತ್ತದೆ ಎಂಬ ಯೋಚನೆ ಆಕೆಗೆ ಆಗ ಬರಲಿಲ್ಲ. ಬಂದಿದ್ದರೂ ತುಂಬಿಸುತ್ತಿದ್ದಳೋ ಏನೋ, ನಾನು ಕೇಳಿಲ್ಲ.

ಹದಿನೈದು ದಿನಕ್ಕೆ ಅಣ್ಣ ಬಂದ. ಅವನು ಕೆಟ್ಟವನಲ್ಲ. ಬಂದಾಗಲೆಲ್ಲ ತಂಗಿಗೆ ಏನಾದರೂ ತರುತ್ತಿದ್ದ, ಆ ದಿನವೂ ಒಂದು ಹೊಸ ಹೊದಿಕೆ ತಂದಿದ್ದ. ಆದರೆ ಅವನು ತನ್ನ ಬೀದಿಯಲ್ಲಿ ಒಂದು ಪಕ್ಷದ ಕೆಲಸ ಮಾಡುತ್ತಿದ್ದ. ಯಾವ ಮನೆಯಲ್ಲಿ ಎಷ್ಟು ಓಟು, ಯಾವುದು ನಮ್ಮದು, ಯಾವುದು ಅಲ್ಲ ಎಂದು ಲೆಕ್ಕ ಕೊಡುವವನು ಅವನೇ. ತನ್ನ ಮನೆಯದು ಏಳು ಎಂದು ಎಲ್ಲರ ಮುಂದೆ ಹೇಳಿದ್ದ. ಈಗ ಮಗಳ ಹೆಸರು ವರ್ಗವಾಗುತ್ತಿದೆ ಎಂಬ ಚೀಟಿ ಅಲ್ಲಿಗೆ ಹೋಗಿ, ಬೀದಿಯವರು ನಗುತ್ತಿದ್ದರು. ಸ್ವಂತ ಮನೆಯ ಓಟೇ ಹಿಡಿದಿಟ್ಟುಕೊಳ್ಳಲಾಗದವನು ಬೀದಿಯದನ್ನೇನು ಹಿಡಿದಾನು ಎಂದು.

ಬೆಂಚಿನ ಮೇಲೆ ಕೂತು ಕರ್ಚೀಫಿನಿಂದ ಕತ್ತು ಒರೆಸಿಕೊಂಡ. ತಂಗಿಗೆ ಅರವತ್ತು ತುಂಬುತ್ತಿದ್ದರೂ ಅವನಿಗೆ ಆಕೆ ಪುಟ್ಟಿ.

"ನೋಡು ಪುಟ್ಟಿ, ನಾನು ನಿನಗೆ ಸುಳ್ಳು ಹೇಳು ಅಂತಿಲ್ಲ. ಹೂಂ ಅನ್ಬೇಡ, ಊಹೂಂ ಅನ್ಬೇಡ. ಆ ಮೇಷ್ಟ್ರು ಇವಳ ಹೆಸರು ಕರೆದಾಗ ನೀನು ನೀರು ಕುಡಿಯೋಕೆ ಒಳಗೆ ಹೋಗು. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು."

"ಅವಳು ಇಲ್ಲೇ ಇದ್ದಾಳಲ್ಲಣ್ಣ."

"ಎಷ್ಟು ದಿನ ಇರ್ತಾಳೆ? ಮೂರು ತಿಂಗಳು. ಆಮೇಲೆ ಮನೆಗೇ ತಾನೆ ಬರೋದು? ನೀನೂ ಅಲ್ಲಿಗೇ ತಾನೆ ಬರೋದು?"

ಅಣ್ಣ ಎದ್ದು ನಿಂತ. "ಮನೆಗೆ ಮಾರಿ, ಊರಿಗೆ ಉಪಕಾರಿ ಆಗ್ಬೇಡ. ಮೇಲಿನ ರೂಮು ಬಾಡಿಗೆಗೆ ಕೊಡ್ತೀರಾ ಅಂತ ಒಬ್ಬ ಟೈಲರ್ ದಿನಾ ಬಂದು ಕೇಳ್ತಾ ಇದ್ದಾನೆ. ನಾನಿನ್ನೂ ಅವನಿಗೆ ಹೂಂ ಅಂದಿಲ್ಲ," ಎಂದು ಹೊದಿಕೆಯನ್ನು ಬೆಂಚಿನ ಮೇಲಿಟ್ಟು ಬಸ್ಸಿಗೆ ಹೋದ.

ನಾನು ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದೆ, ಬಚ್ಚಿಡುವುದೇಕೆ. "ಗೇಟಕ್ಕ, ಒಂದು ಹುಡುಗಿಯ ಹೆಸರು ಬಿಟ್ಟುಹೋದ್ರೆ ಆಕಾಶ ಬೀಳಲ್ಲ. ನೀರು ಕುಡಿಯೋದೇನು ಪಾಪಾನಾ?" ಎಂದೆ. ಆಕೆ ನನ್ನ ಕಡೆ ನೋಡಿದಳು, ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹೊದಿಕೆ ಮಡಿಸಿಕೊಂಡು ಒಳಗೆ ಹೋದಳು. ನಂತರದ ಒಂಬತ್ತು ದಿನ ಯಾರ ಮೇಲೂ ರೇಗಲಿಲ್ಲ. ತಡವಾಗಿ ಬಂದ ಹುಡುಗಿಯರೂ ಗಾಬರಿಯಾಗಿ ಅಡುಗೆಯವಳ ಹತ್ತಿರ ಗೇಟಕ್ಕನಿಗೆ ಹುಷಾರಿಲ್ಲವೇ ಎಂದು ಕೇಳಿದರು.

ಲಿಸ್ಟ್ ಮೇಷ್ಟ್ರು ಬುಧವಾರ ಒಂದು ಗಂಟೆಗೆ ಸರಿಯಾಗಿ ಬಂದರು. ಆ ವರ್ಷ ಎಪ್ಪತ್ತೊಂದು ಅರ್ಜಿ. ಸಾಲು ಮೆಸ್ಸಿನ ಬಾಗಿಲಿನವರೆಗೆ ಬೆಳೆದಿತ್ತು, ತಟ್ಟೆಗಳ ಸದ್ದು. ಇದ್ದಾರಾ, ಇದ್ದಾಳೆ, ಇದ್ದಾರಾ, ಇದ್ದಾಳೆ. ನಾನು ಕೆಲಸ ಬಿಟ್ಟು ಕಿಟಕಿಯಲ್ಲೇ ಇದ್ದೆ. ತಂಬಿಗೆಯಲ್ಲಿ ನೀರು ತುಂಬಿತ್ತು, ಆಕೆ ಬೇಕೆಂದರೆ ಒಳಗೆ ಹೋಗುವ ಅಗತ್ಯವೂ ಇರಲಿಲ್ಲ, ಬಾಯಿಗೆ ಇಟ್ಟುಕೊಂಡರೆ ಸಾಕಿತ್ತು.

ಮೂವತ್ತನಾಲ್ಕನೇ ರೂಮಿನ ಹುಡುಗಿ ಬಂದಳು. ಅವಳ ಕೈಯಲ್ಲಿ ತಟ್ಟೆಯಿರಲಿಲ್ಲ. ಹೆಸರು ಹೇಳಿದಳು. ಗೇಟಕ್ಕ ರಿಜಿಸ್ಟರಿನಲ್ಲಿ ಬೆರಳಿಡುವ ಮೊದಲೇ ಅವಳೇ ಮುಂದುವರಿದಳು.

"ಸಾರ್, ನಾನು ಇಲ್ಲಿ ಇರಲ್ಲ. ಊರಲ್ಲೇ ಇರ್ತೀನಿ. ನನ್ನ ಅರ್ಜಿ ತೆಗೆದುಬಿಡಿ."

ಅಮ್ಮನ ಫೋನಿನಿಂದ ಅವಳಿಗೆ ರೂಮಿನ ವಿಷಯ, ಟೈಲರ್ ವಿಷಯ ಎಲ್ಲ ಗೊತ್ತಾಗಿತ್ತು ಎಂದು ಆಮೇಲೆ ತಿಳಿಯಿತು. ಆ ಕ್ಷಣದಲ್ಲಿ ನನಗೆ ಹೊಳೆದದ್ದು ಒಂದೇ, ಎಲ್ಲ ಬಗೆಹರಿಯಿತು ಎಂದು. ಗೇಟಕ್ಕ ಸುಳ್ಳು ಹೇಳಬೇಕಾಗಿಲ್ಲ, ನೀರು ಕುಡಿಯಬೇಕಾಗಿಲ್ಲ, ಹುಡುಗಿಯೇ ದಾರಿ ಮಾಡಿಕೊಟ್ಟಿದ್ದಾಳೆ. ಇಂಥ ಅದೃಷ್ಟ ನನಗೆ ಒಮ್ಮೆಯೂ ಬಂದಿಲ್ಲ. ಮೇಷ್ಟ್ರು ಪೆನ್ನು ಎತ್ತಿಕೊಂಡು, "ಇಲ್ಲ ಅಂತ ಬರೀಲಾ ಹಾಗಾದ್ರೆ?" ಎಂದರು.

"ಒಂದ್ನಿಮಿಷ ಸಾರ್." ಗೇಟಕ್ಕ ಕುರ್ಚಿಯಿಂದ ಎದ್ದಳು. ಹುಡುಗಿಯ ಎದುರು ಹೋಗಿ ನಿಂತಳು. ಇಬ್ಬರ ನಡುವೆ ಆ ಚಿಕ್ಕ ಬಾಗಿಲಿನ ಹೊಸ್ತಿಲು. "ಓಟು ಇಲ್ಲಿ ಬೇಡ ಅಂದ್ರೆ ಬೇಡ ಅನ್ನು, ಫಾರಂ ಇಲ್ಲೇ ಹರಿದು ಹಾಕೋಣ. ನಿನ್ನಿಷ್ಟ. ಆದ್ರೆ ಇಲ್ಲಿಲ್ಲ ಅಂತ ನನ್ನ ಮುಂದೆ ಹೇಳ್ಬೇಡ. ಈಗ ಹೇಳು. ನಿನಗೆ ಬೇಡ್ವಾ?"

ಹುಡುಗಿ ನೆಲ ನೋಡಿದಳು. ಹಿಂದಿನ ಸಾಲಿನಲ್ಲಿ ತಟ್ಟೆಗಳು ಸುಮ್ಮನಾದವು.

"ಬೇಕು," ಎಂದಳು. "ಆದ್ರೆ ಅತ್ತೆ, ನಿಮ್ಮ ರೂಮು..."

"ರೂಮಿನ ಸುದ್ದಿ ಮೇಷ್ಟ್ರಿಗ್ಯಾಕೆ? ಅದು ನಂದು, ನಾನು ನೋಡ್ಕೋತೀನಿ."

ಮೇಷ್ಟ್ರು ಒಬ್ಬರಾದ ಮೇಲೊಬ್ಬರ ಮುಖ ನೋಡಿದರು. ಅವರಿಗೆ ತಲೆಬುಡ ಗೊತ್ತಾಗಲಿಲ್ಲ, ಹಸಿವೂ ಆಗಿತ್ತು. "ಏನಮ್ಮ, ಇದ್ದಾರೋ ಇಲ್ವೋ?"

"ಇದ್ದಾಳೆ," ಎಂದಳು ಗೇಟಕ್ಕ. "ಮೂರು ವರ್ಷದಿಂದ ಇದ್ದಾಳೆ. ಬರ್ಕೊಳ್ಳಿ."

ಮುಂದಿನ ಹುಡುಗಿ ಬಂದಳು. ಎಪ್ಪತ್ತೊಂದೂ ಮುಗಿಯುವಷ್ಟರಲ್ಲಿ ಮೆಸ್ಸಿನ ಊಟ ಆರಿಹೋಗಿತ್ತು.

ಮೂರು ಗಂಟೆಗೆ ಆಕೆ ನನ್ನ ಆಫೀಸಿನ ಫೋನಿನಿಂದ ಅಣ್ಣನಿಗೆ ತಾನೇ ಫೋನ್ ಮಾಡಿದಳು. ಬೇರೆಯವರು ಹೇಳಿ ಗೊತ್ತಾಗುವುದು ಬೇಡ ಎಂದಳು. ನನಗೆ ಒಂದು ಕಡೆಯ ಮಾತಷ್ಟೇ ಕೇಳಿಸಿತು. "ಅಣ್ಣಾ, ನಾನು ಇದ್ದಾಳೆ ಅಂದೆ... ಇಲ್ಲ, ಯಾರೂ ಹೇಳ್ಕೊಡ್ಲಿಲ್ಲ... ನೀನು ಮಾಡಿದ್ದು ನಾನು ಮರೆತಿಲ್ಲ, ಸಾಯೋ ತನಕ ಮರೆಯಲ್ಲ... ಆ ಟೈಲರ್‌ಗೆ ಹೂಂ ಅನ್ನು." ಆಮೇಲೂ ರಿಸೀವರು ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು. ಆ ಕಡೆ ಇಟ್ಟುಬಿಟ್ಟಿದ್ದಾರೆ ಎಂದು ನಾನೇ ಹೇಳಬೇಕಾಯಿತು.

ಚುನಾವಣೆಯ ದಿನ ಹುಡುಗಿಯರು ಗುಂಪು ಗುಂಪಾಗಿ ಎರಡು ಬೀದಿ ಆಚೆಯ ಶಾಲೆಗೆ ಹೋಗಿ ಬಂದರು. ಅಣ್ಣನ ಮಗಳು ಗುಂಪಿನಲ್ಲಿ ಹೋಗಲಿಲ್ಲ, ಹತ್ತೂವರೆಗೆ ಒಬ್ಬಳೇ ಹೋದಳು. ಗೇಟಕ್ಕ ಅವಳಿಗಿಂತ ಮೊದಲೇ ಹಾಕಿ ಬಂದು ಗೇಟಿನಲ್ಲಿದ್ದಳು. ಹುಡುಗಿ ಬೀದಿಯ ತುದಿಯಲ್ಲಿ ತಿರುಗುವವರೆಗೂ ನೋಡುತ್ತಿದ್ದಳು, ಜೊತೆಗೆ ಹೋಗಲಿಲ್ಲ. ಫಲಿತಾಂಶ ಬಂದಾಗ ಅಣ್ಣನ ಪಕ್ಷ ಅಲ್ಲೂ ಸೋತಿತು, ಇಲ್ಲೂ ಸೋತಿತು. ಸಾವಿರಾರು ಓಟಿನ ಅಂತರ. ಒಂದು ಓಟು ಯಾವ ಕಡೆಯೂ ತಕ್ಕಡಿ ವಾಲಿಸುತ್ತಿರಲಿಲ್ಲ. ಇದನ್ನು ಆಕೆಗೆ ಹೇಳುವ ಚಪಲ ನನಗಾಯಿತು, ಹೇಳಲಿಲ್ಲ.

ನಿವೃತ್ತಿಯ ದಿನ ವಾರ್ಡನ್ ಎರಡು ಮಾತಾಡಿ ಒಂದು ಗೋಡೆ ಗಡಿಯಾರ ಕೊಟ್ಟರು. ಗೇಟಕ್ಕ ಬೀದಿಗೆ ಬೆನ್ನು ಹಾಕಿ ಗೇಟನ್ನು ಒಂದು ಸಲ ಪೂರ್ತಿ ತೆಗೆದು ಮುಚ್ಚಿ, ಬೀಗದಕೈ ಗೊಂಚಲನ್ನು ಹೊಸಬಳ ಕೈಗೆ ಹಾಕಿದಳು. ಹಾಸ್ಟೆಲಿನ ಅಡುಗೆಯವಳ ಮನೆಯ ಹಿಂಬದಿಯಲ್ಲಿ ಒಂದು ಕೋಣೆ ಗೊತ್ತಾಗಿತ್ತು. ಟ್ರಂಕು, ಒಲೆ, ಹಾಸಿಗೆಯ ಸುರುಳಿ, ಗಡಿಯಾರ ಎಲ್ಲ ಶೆಡ್ಡಿನ ಮುಂದೆ ಬಂದು ಕೂತಿದ್ದವು. ಹೊರಲು ನಾನೇ ಬರುತ್ತೇನೆ ಎಂದಿದ್ದೆ. ಯಾಕೆ ಅಂದೆನೋ ಗೊತ್ತಿಲ್ಲ, ನನ್ನ ಜಾಯಮಾನವಲ್ಲ.

ಅಣ್ಣನ ಮಗಳ ಪರೀಕ್ಷೆಯೂ ಆ ವಾರವೇ ಮುಗಿದಿತ್ತು. ಐದು ಗಂಟೆಯ ಬಸ್ಸಿಗೆ ಅವಳು ಮನೆಗೆ ಹೊರಟಿದ್ದಳು, ಬ್ಯಾಗು ತಗಲಿಸಿಕೊಂಡು ಬಂದು ಅತ್ತೆಯ ಪಕ್ಕ ಟ್ರಂಕಿನ ಮೇಲೆ ಕೂತಳು. ಅಣ್ಣ ಆ ಫೋನಿನ ನಂತರ ತಂಗಿಯೊಡನೆ ಒಂದು ಮಾತೂ ಆಡಿರಲಿಲ್ಲ.

"ಅತ್ತೆ, ಟೈಲರ್ ಇನ್ನೂ ಬಂದಿಲ್ಲ. ಒಂದನೇ ತಾರೀಕು ಬರೋದಂತೆ."

"ಒಂದನೇ ತಾರೀಕಾ?" ಎಂದು ಗೇಟಕ್ಕ ತಟ್ಟನೆ ಕೇಳಿದಳು. ಅಂದು ಇಪ್ಪತ್ತೆಂಟು.

"ಹೂಂ. ಅಪ್ಪನಿಗೆ ಒಂದು ಮಾತು ಹೇಳಿದ್ರೆ ಸಾಕು, ಸಿಟ್ಟೆಲ್ಲ ಇಳಿದುಹೋಗುತ್ತೆ. ಇವತ್ತು ಸಂಜೆ ಹೇಳ್ಲಾ?" ಹುಡುಗಿ ನನ್ನ ಕಡೆ ನೋಡಿ ದನಿ ತಗ್ಗಿಸಿದಳು. ಆದರೂ ಕೇಳಿಸಿತು. "ನಾನು ಹಾಕಿದ್ದು ಅವರ ಪಕ್ಷಕ್ಕೇ ಅತ್ತೆ. ಅವರು ಹೇಳ್ತಾರೆ ಅಂತಲ್ಲ. ಎಲ್ಲರದ್ದೂ ಓದಿ, ನಿಂತವರನ್ನೆಲ್ಲ ವಿಚಾರಿಸಿ, ನನಗೇ ಸರಿ ಅನ್ನಿಸಿ ಹಾಕ್ದೆ. ಇದು ಗೊತ್ತಾದ್ರೆ ಅಪ್ಪ ನಾಳೆ ಬೆಳಿಗ್ಗೆ ತಾವೇ ಬಂದು ನಿಮ್ಮನ್ನ ಕರ್ಕೊಂಡು ಹೋಗ್ತಾರೆ."

ನನಗೆ ನಗು ಬಂತು, ನುಂಗಿಕೊಂಡೆ. ಇಷ್ಟೆಲ್ಲ ಆದದ್ದು ಇದಕ್ಕೋ! ಏಳು ಎಂದವನಿಗೆ ಏಳೂ ಬಿದ್ದಿತ್ತು. ನಾನಾಗಿದ್ದರೆ ಹುಡುಗಿಯನ್ನು ನಾಲ್ಕು ಗಂಟೆಯ ಬಸ್ಸಿಗೇ ಹತ್ತಿಸುತ್ತಿದ್ದೆ.

ಗೇಟಕ್ಕ ಒಲೆಯನ್ನು ಟ್ರಂಕಿನ ಹತ್ತಿರಕ್ಕೆ ಸರಿಸಿದಳು. ಆಕೆಗೆ ಆ ರೂಮು ಬೇಕಿತ್ತು. ಅಣ್ಣನೂ ಬೇಕಿದ್ದ, ರೂಮಿಗಿಂತ ಹೆಚ್ಚಾಗಿ. ಅದು ಮುಖದಲ್ಲಿ ಕಾಣುತ್ತಿತ್ತು, ನನ್ನಂಥವನಿಗೂ ಕಾಣುತ್ತಿತ್ತು.

"ಹೇಳ್ಬೇಡ," ಎಂದಳು.

"ಯಾಕತ್ತೆ? ಅವರಿಗೆ ಖುಷಿಯಾಗೋ ವಿಷ್ಯಾನೇ ತಾನೆ?"

"ಈ ಸಲ ಖುಷಿಯಾಗೋದು. ಮುಂದಿನ ಸಲ? ಇವತ್ತು ನೀನಾಗೇ ಹೇಳಿದ್ರೆ, ಆಮೇಲೆ ಪ್ರತಿ ಸಲಾನೂ ಹೇಳ್ಬೇಕಾಗುತ್ತೆ. ನಾಳೆ ಗಂಡ ಬರ್ತಾನೆ, ಅವನೂ ಕೇಳ್ತಾನೆ. ಹೇಳ್ಬೇಡ ಮಗಳೇ. ಏಳು, ಬಸ್ಸು ತಪ್ಪುತ್ತೆ."

ಹುಡುಗಿ ಎದ್ದು, ಅತ್ತೆಯ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಹೋದಳು. ನಾವಿಬ್ಬರೂ ಟ್ರಂಕಿನ ಎರಡು ಹಿಡಿ ಹಿಡಿದು ಅಡುಗೆಯವಳ ಮನೆಯ ಹಿಂಬದಿಗೆ ನಡೆದೆವು. ಕೋಣೆಗೆ ಕಿಟಕಿಯಿತ್ತು, ಎದುರಿಗೆ ಪಕ್ಕದ ಮನೆಯ ಗೋಡೆ. ಟ್ರಂಕು ಇಳಿಸಿದ ಮೇಲೆ ಆಕೆ ಅದರ ಮೇಲೇ ಕೂತು ಅತ್ತಳು. ಹತ್ತೊಂಬತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ. "ಅಣ್ಣ ಇವತ್ತಾದ್ರೂ ಬರ್ತಾನೆ ಅಂದ್ಕೊಂಡಿದ್ದೆ ಗುಮಾಸ್ತರೇ," ಎಂದಳು. ನಾನು ಗಡಿಯಾರಕ್ಕೆ ಮೊಳೆ ಹೊಡೆಯುತ್ತಾ ನಿಂತೆ.

ಒಂದನೇ ತಾರೀಕಿಗೆ ಟೈಲರ್ ಆ ಮೇಲಿನ ರೂಮಿಗೆ ತನ್ನ ಮಷಿನ್ನು ಸಾಗಿಸಿದ. ಮಗಳು ಯಾರಿಗೆ ಹಾಕಿದಳು ಎಂದು ಅಣ್ಣ ಎರಡು ಮೂರು ಸಲ ಕೇಳಿದನಂತೆ. ಅವಳು ಹೇಳಿಲ್ಲ.